ಅಂಜುಬುರುಕ ನಾಯಿಗೆ ಧೈರ್ಯ ಬರಿಸುವುದು: ಮೊದಲ ರಾತ್ರಿಯಿಂದ ಮೊದಲ ವಾಕಿಂಗ್‌ವರೆಗೆ

ಚುಕ್ಕಿ ನಮ್ಮ ಮನೆಗೆ ಬಂದ ಮೊದಲ 11 ದಿನ ವಾಷಿಂಗ್ ಮೆಷಿನ್ ಹಿಂದಿನ ಸಂದಿಯಲ್ಲೇ ಕಳೆದಳು. ನಾವೆಲ್ಲ ಮಲಗಿದ ಮೇಲೆ ಈಚೆ ಬಂದು ಊಟ ಮಾಡುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆ ಖಾಲಿ, ನಾಯಿ ಮಾತ್ರ ಕಾಣಿಸುತ್ತಿರಲಿಲ್ಲ. ಮನೆಗೆ ತಂದಿರುವುದು ನಾಯಿಯೋ ದೆವ್ವವೋ ಅಂತ ತಮಾಷೆ ಮಾಡಿಕೊಂಡು, ಮೆಷಿನ್ನಿನ ಪ್ಲಗ್ ಕಿತ್ತಿಟ್ಟು, ಅಷ್ಟೂ ದಿನ ಬಟ್ಟೆಯನ್ನು ಕೈಯಲ್ಲೇ ಒಗೆದೆವು. ಸುಮಾರು 3 ವರ್ಷ ಮನುಷ್ಯರ ಕೈಗೆ ಸಿಗದೆ ಬೆಳೆದಿದ್ದ ನಾಯಿ ಅವಳು.

ಇಂಥ ನಾಯಿಯನ್ನು ತಂದವರೆಲ್ಲ ಮೊದಲು ಕೇಳುವುದು "ಯಾವಾಗ ಹತ್ತಿರ ಬರುತ್ತೆ?" ಅಂತ. ನಾನೂ ಕೇಳಿದ್ದೆ. ಪ್ರಶ್ನೆಯೇ ತಲೆಕೆಳಗು ಅಂತ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಬೇಕಾದಾಗ ದೂರ ಹೋಗಬಹುದು ಅಂತ ಖಾತ್ರಿಯಾದ ನಾಯಿಯೇ ಹತ್ತಿರ ಬರುವುದು. ಕೆಳಗೆ ಹೇಳಿರುವ ಕ್ರಮವೆಲ್ಲ ಇದರ ಮೇಲೆಯೇ ನಿಂತಿದೆ.

ಭಯ ಎಲ್ಲಿಂದ ಬಂತು?

ನಾಯಿಮರಿಗೆ 3 ವಾರದಿಂದ ಸುಮಾರು 12-14 ವಾರದವರೆಗೆ ಒಂದು ಹದದ ಕಾಲ ಇರುತ್ತದೆ. ಆಗ ಕಂಡ ಮನುಷ್ಯರು, ಕೇಳಿದ ಸದ್ದು, ಮೂಸಿದ ವಾಸನೆ ಎಲ್ಲ ಅದಕ್ಕೆ ಜೀವನದ ಮಾಮೂಲಿ ಸಂಗತಿಗಳಾಗುತ್ತವೆ. ಆ ಹದ ತಪ್ಪಿದರೆ ಹೊಸದೆಲ್ಲವೂ ಅಪಾಯವೇ. 1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಮರಿಗಳನ್ನು ಎತ್ತರದ ಬೇಲಿ ಹಾಕಿದ ಬಯಲಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದ್ದರು. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಜನರ ಜೊತೆ ಇರಿಸಿದರು. ಅವು ಹೆಚ್ಚುಕಡಿಮೆ ಹೊಂದಿಕೊಂಡವು. 14 ವಾರದವರೆಗೂ ಹಾಗೆಯೇ ಬಿಟ್ಟ ಮರಿಗಳು ಮಾತ್ರ ಕಾಡುಪ್ರಾಣಿಗಳಂತೆ ಮನುಷ್ಯರಿಂದ ಓಡುತ್ತಲೇ ಇದ್ದವು.

ತಾಯಿಯಿಂದ ಬರುವ ಪುಕ್ಕಲುತನವೂ ಇದೆ, ಅದು ರಕ್ತದಲ್ಲೇ ಇರುತ್ತದೆ. ಇನ್ನು ಕೆಲವು ನಾಯಿಗಳದ್ದು ತೆನಾಲಿ ರಾಮನ ಬೆಕ್ಕಿನ ಕತೆ. ಒಂದೇ ಒಂದು ಸಲ ನಾಲಿಗೆ ಸುಟ್ಟಿರುತ್ತದೆ, ಆಮೇಲೆ ಹಾಲು ಕಂಡರೇ ಓಟ.

ನಿಮ್ಮ ನಾಯಿಯದು ಇದರಲ್ಲಿ ಯಾವುದು ಅಂತ ಬಹಳಷ್ಟು ಸಲ ಗೊತ್ತಾಗುವುದೇ ಇಲ್ಲ. ಕೈ ಎತ್ತಿದರೆ ಬೆದರುವ ನಾಯಿ ಎಲ್ಲ ಹೊಡೆತ ತಿಂದದ್ದೇ ಆಗಿರಬೇಕಿಲ್ಲ. ಕೈ ಅನ್ನುವ ವಸ್ತುವನ್ನೇ ಅದು ಹತ್ತಿರದಿಂದ ನೋಡಿರದೆ ಇರಬಹುದು. ಹಳೆಯದನ್ನು ಕೆದಕಿ ಕಣ್ಣೀರು ಹಾಕುವುದರಿಂದ ನಾಯಿಗೆ ಏನೂ ಉಪಯೋಗವಿಲ್ಲ. ಇವತ್ತು ಅದರ ಮೈ ಏನು ಹೇಳುತ್ತಿದೆ, ಅದನ್ನು ನೋಡಿ.

ಮೊದಲು ಮೈಭಾಷೆ ಕಲಿಯಿರಿ

ಬಾಲ ಕಾಲಸಂದಿಗೆ ಸೇರಿದರೆ, ಮೈ ನಡುಗಿದರೆ ಹೆದರಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಬರುವ ಸಣ್ಣ ಗುರುತುಗಳನ್ನು ಹಿಡಿಯುವುದೇ ಕೆಲಸ. ಊಟವಿಲ್ಲದಿದ್ದರೂ ತುಟಿ ನೆಕ್ಕುವುದು. ನಿದ್ದೆ ಬಾರದಿದ್ದರೂ ಆಕಳಿಸುವುದು. ತಲೆ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು. ಒಂದು ಮುಂಗಾಲು ಎತ್ತಿ ಹಾಗೇ ನಿಲ್ಲುವುದು. ಸೆಕೆ ಇಲ್ಲದಿದ್ದರೂ ಏದುಸಿರು. ಇವುಗಳಲ್ಲಿ ಒಂದು ಕಂಡರೂ ನೀವು ಸ್ವಲ್ಪ ಹಿಂದೆ ಸರಿಯಬೇಕು. ಗುರ್ ಅಂದರೆ ಬೈಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಬೈದು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲೇ ಬರುತ್ತದೆ.

ಜನ ಜಾಸ್ತಿ ಮೋಸ ಹೋಗುವುದು ಸುಮ್ಮನಿರುವ ನಾಯಿಯನ್ನು ನೋಡಿ. "ಎಷ್ಟು ಸಾಧು ನೋಡಿ, ಎತ್ತಿಕೊಂಡರೂ ಏನೂ ಮಾಡಲ್ಲ" ಅನ್ನುತ್ತಾರೆ. ಅದು ಸಾಧುತನ ಅಲ್ಲ, ಮರಗಟ್ಟಿದ ಭಯ. 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು ಆಮೇಲೆ ದಾರಿ ತೆರೆದಿದ್ದರೂ ಕುಂಯ್‌ಗುಟ್ಟುತ್ತ ಬಿದ್ದುಕೊಂಡಿದ್ದವು. ಏನು ಮಾಡಿದರೂ ಪ್ರಯೋಜನವಿಲ್ಲ ಅಂತ ಕಲಿತುಬಿಟ್ಟಿದ್ದವು. ಭಯದ ವಸ್ತುವಿನ ಎದುರಿಗೇ ಕಟ್ಟಿಹಾಕಿ "ಅಭ್ಯಾಸ ಆಗಲಿ ಬಿಡಿ" ಅನ್ನುವವರು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ನಾಯಿ ನಿಜವಾಗಿ ನಿರಾಳವಾಗಿದೆಯೋ ಅಂತ ನೋಡಲು ಒಂದು ಉಪಾಯ: ಒಳ್ಳೆಯ ತಿಂಡಿಯ ತುಣುಕೊಂದನ್ನು ಹತ್ತಿರ ಎಸೆಯಿರಿ. ನಿರಾಳವಾಗಿದ್ದರೆ ಸಡಿಲ ಬಾಯಲ್ಲಿ ತಿನ್ನುತ್ತದೆ. ಭಯ ಮಿತಿ ಮೀರಿದ್ದರೆ ಬೇಯಿಸಿದ ಕೋಳಿಯನ್ನೂ ಮೂಸಿ ನೋಡುವುದಿಲ್ಲ, ಇಲ್ಲವೇ ಕಸಿದುಕೊಂಡಂತೆ ತಿನ್ನುತ್ತದೆ.

ನಾಯಿ ಬರುವ ಮೊದಲು

ಒಂದು ಚಿಕ್ಕ, ಜನ ಓಡಾಡದ ಕೋಣೆ ಸಾಕು. ಇಡೀ ಮನೆ ಬಿಟ್ಟುಕೊಟ್ಟರೆ ಖುಷಿಯಾಗುತ್ತದೆ ಅಂದುಕೊಳ್ಳಬೇಡಿ, ಹೆದರಿದ ಜೀವಕ್ಕೆ ದೊಡ್ಡ ಜಾಗ ಅಂದರೆ ದೊಡ್ಡ ಗಾಬರಿ. ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಜಾಗ ಕೊಡಿ. ಮೇಲೆ ಹೊದಿಕೆ ಹಾಕಿದ ಕ್ರೇಟ್, ಅಂದರೆ ನಾಯಿ ಮಲಗುವ ಪಂಜರ ಆಗಬಹುದು, ಮಗ್ಗುಲಿಗೆ ಮಲಗಿಸಿದ ದೊಡ್ಡ ರಟ್ಟಿನ ಪೆಟ್ಟಿಗೆಯೂ ಆಗಬಹುದು. ಕ್ರೇಟಿನ ಬಾಗಿಲು ತೆಗೆದೇ ಇರಲಿ. ನಿಮ್ಮ ಕೈ ಹೋಗದ ಸಂದಿಗಳನ್ನು ಮೊದಲೇ ಮುಚ್ಚಿ. ನಾನು ಮುಚ್ಚಿರಲಿಲ್ಲ, ಅದಕ್ಕೇ ಬಟ್ಟೆ ಒಗೆದದ್ದು.

ತಪ್ಪಿಸಿಕೊಳ್ಳುವ ದಾರಿಗಳನ್ನು ನಿಮಗೆ ನಾಚಿಕೆಯಾಗುವಷ್ಟು ಅನುಮಾನದಿಂದ ನೋಡಿ. ಕಿಟಕಿ, ಬಾಲ್ಕನಿ, ಗೇಟಿನ ಕೆಳಗಿನ ಜಾಗ. ಬೀದಿಯಲ್ಲಿ ಬೆಳೆದ ನಾಯಿ ಎಷ್ಟು ಎತ್ತರ ಹಾರುತ್ತದೆ, ಎಷ್ಟು ಸಣ್ಣ ತೂತಿನಲ್ಲಿ ನುಸುಳುತ್ತದೆ ಅಂತ ನೋಡಿದವರಿಗೇ ಗೊತ್ತು. ಹೊರಬಾಗಿಲು ತೆರೆಯುವಾಗ ಒಳಗಿನ ಇನ್ನೊಂದು ಬಾಗಿಲು ಮುಚ್ಚಿರಬೇಕು. ಇದು ಮನೆಮಂದಿಗೆಲ್ಲ ನಿಯಮ.

ಬರುವಾಗಲೇ ವೆಟ್ ಹತ್ತಿರ ತೋರಿಸಿ ರೇಬೀಸ್ ಲಸಿಕೆ, ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಮುಗಿಸಿಕೊಂಡು ಬಂದರೆ ಒಳ್ಳೆಯದು. ಎಲ್ಲಾದರೂ ನೋವಿದೆಯೇ ಅಂತಲೂ ಕೇಳಿ. ಹಲ್ಲುನೋವು, ಕೀಲುನೋವು ಇರುವ ನಾಯಿಗೆ ನೀವು ಎಷ್ಟು ಧೈರ್ಯ ಹೇಳಿದರೂ ಮೈ ಮುಟ್ಟಿಸಿಕೊಳ್ಳುವುದಿಲ್ಲ. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಮೊದಲ ವಾರ: ಏನೂ ಮಾಡಬೇಡಿ

ಇದು ಹೇಳಲು ಸುಲಭ, ಮಾಡಲು ಕಷ್ಟ. ದಿನಕ್ಕೆ ಎರಡು ಮೂರು ಸಲ ಕೋಣೆಗೆ ಹೋಗಿ, ನಾಯಿಗೆ ಪಕ್ಕ ತಿರುಗಿಸಿ ನೆಲದ ಮೇಲೆ ಕುಳಿತುಕೊಳ್ಳಿ. ಬಾಗಿಲಿನ ದಾರಿಗೆ ಅಡ್ಡ ಕೂರಬೇಡಿ. ದಿಟ್ಟಿಸಬೇಡಿ. ಪುಸ್ತಕ ಓದಿ, ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು, ನಿಮ್ಮ ದನಿ ಅಭ್ಯಾಸವಾಗುತ್ತದೆ. 15-20 ನಿಮಿಷ ಕೂತು, ಒಂದಷ್ಟು ತಿಂಡಿ ಬಿಟ್ಟು, ಎದ್ದು ಹೋಗಿ.

ಹೊರಡುವಾಗ, ಏಳುವಾಗ ಒಂದೇ ಮಾತು ಬಳಸಿ. ನಾನು "ಏಳ್ತೀನಿ" ಅಂತ ಹೇಳಿ ಎರಡು ಸೆಕೆಂಡ್ ಬಿಟ್ಟು ಏಳುತ್ತಿದ್ದೆ. ಮೊದಮೊದಲು ಅವಳು ಬೆದರುತ್ತಿದ್ದಳು. ಮೂರನೇ ವಾರಕ್ಕೆ ಆ ಮಾತು ಕೇಳಿ ತಾನೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡುತ್ತ ನಿಲ್ಲುತ್ತಿದ್ದಳು. ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಊಟ, ಲೈಟು, ಓಡಾಟ ಎಲ್ಲವೂ ದಿನಾ ಅದೇ ಹೊತ್ತಿಗೆ ಆಗಲಿ.

ಮೂರು ದಿನ, ಮೂರು ವಾರ, ಮೂರು ತಿಂಗಳಲ್ಲಿ ನಾಯಿ ಹೊಂದಿಕೊಳ್ಳುತ್ತದೆ ಅಂತ ಒಂದು ಲೆಕ್ಕ ಚಾಲ್ತಿಯಲ್ಲಿದೆ. ಸಾಕಿದ ನಾಯಿಗೆ ಅದು ಸರಿ ಇರಬಹುದು. ಮನುಷ್ಯರನ್ನೇ ಕಾಣದೆ ಬೆಳೆದ ನಾಯಿಗೆ ಆ ಲೆಕ್ಕ ಹಚ್ಚಿ ಬೇಜಾರು ಮಾಡಿಕೊಳ್ಳಬೇಡಿ.

ಮಲಮೂತ್ರದ ಗೊಡವೆ ಆಮೇಲೆ. ಹೆದರಿದ ನಾಯಿ ಇಡೀ ದಿನ ತಡೆದುಕೊಂಡಿರಬಹುದು, ಕೋಣೆಯಲ್ಲೇ ಮಾಡಬಹುದು. ಪೇಪರ್ ಹಾಸಿ, ಸುಮ್ನೆ ಒರೆಸಿ. ಮಣ್ಣು, ಹುಲ್ಲಿನ ಮೇಲೆ ರೂಢಿಯಿದ್ದ ನಾಯಿಗೆ ಒಂದು ಟ್ರೇ ಹುಲ್ಲು ಇಟ್ಟರೆ ಬೇಗ ಅರ್ಥವಾಗುತ್ತದೆ.

ತಿಂಡಿ ಮತ್ತು ದೂರ: ಅಸಲಿ ಕೆಲಸ ಇಲ್ಲಿದೆ

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಃಶಾಸ್ತ್ರಜ್ಞೆ ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ವಿಷಯ ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿ ದೂರ ಇಟ್ಟು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುದ್ದಿಸಿದ. ನಾಯಿಗಳ ಜೊತೆ ಮಾಡುವುದೂ ಇದೇ. ಇಲ್ಲಿ ಮೊಲ ನೀವು.

ಕ್ರಮ ಮುಖ್ಯ. ಮೊದಲು ಭಯದ ವಸ್ತು, ಆಮೇಲೆ ತಿಂಡಿ. ನೀವು ಬಾಗಿಲಲ್ಲಿ ಕಂಡಿರಿ, ಒಂದು ಕ್ಷಣ ಬಿಟ್ಟು ತಿಂಡಿ ಬಿತ್ತು. ನೀವು ಹೋದಿರಿ, ತಿಂಡಿ ನಿಂತಿತು. ಉಲ್ಟಾ ಮಾಡಿದರೆ, ಅಂದರೆ ತಿಂಡಿ ಕೊಟ್ಟು ಆಮೇಲೆ ಹೆದರಿಸುವ ಕೆಲಸ ಮಾಡಿದರೆ, ತಿಂಡಿಯೇ ಅಪಾಯದ ಸೂಚನೆಯಾಗುತ್ತದೆ. ಡಬ್ಬಿಯ ಸದ್ದು ಕೇಳಿದರೆ ಓಡುವ ನಾಯಿಯನ್ನು ನಾನು ನೋಡಿದ್ದೇನೆ. ಆ ಮನೆಯವರು ಡಬ್ಬಿ ಅಲ್ಲಾಡಿಸಿ ಕರೆದು ಪ್ರತಿಸಲ ಸ್ನಾನಕ್ಕೆ ಎಳೆದೊಯ್ಯುತ್ತಿದ್ದರಂತೆ.

ಹೀಗೆ ಶುರು ಮಾಡಿ. ನಾಯಿ ಆರಾಮವಾಗಿ ತಿನ್ನುವಷ್ಟು ದೂರದಲ್ಲಿ ಕುಳಿತುಕೊಳ್ಳಿ. ಕಡಲೆಕಾಳಿನಷ್ಟು ಸಣ್ಣ ತುಣುಕನ್ನು ನಿಮಗೂ ಅದಕ್ಕೂ ಮಧ್ಯೆ ಎಸೆಯಿರಿ. ಅದು ಮುಂದೆ ಬಂದು ತಿಂದಿತು ಅಂದುಕೊಳ್ಳಿ. ಮುಂದಿನ ತುಣುಕನ್ನು ಅದರ ಹಿಂದಕ್ಕೆ ಎಸೆಯಿರಿ. ಹೌದು, ನಿಮ್ಮಿಂದ ದೂರಕ್ಕೆ. ನಾಯಿ ತಿರುಗಿ ಹೋಗಿ ತಿಂದು, ಒಂದು ಉಸಿರು ಬಿಟ್ಟು, ನಿಮ್ಮ ಕಡೆ ನೋಡುತ್ತದೆ. ಬಂದದ್ದಕ್ಕೆ ಒಂದು ಬಹುಮಾನ, ಹೋಗಲು ಬಿಟ್ಟದ್ದು ಇನ್ನೊಂದು. ಹತ್ತು ಸಲ ಆದಮೇಲೆ ನೋಡಿ, ಹೋದದ್ದಕ್ಕಿಂತ ಬೇಗ ವಾಪಸ್ ಬರುತ್ತಿರುತ್ತದೆ.

ತಿಂಡಿಯನ್ನು ಅಂಗೈಯಲ್ಲಿಟ್ಟು ಹತ್ತಿರ ಹತ್ತಿರ ಎಳೆಯುವುದು ಯಾಕೆ ಬೇಡ ಅಂದರೆ, ಹೊಟ್ಟೆ ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ನಾಯಿ ಹಿಂಗಾಲನ್ನು ಅಲ್ಲೇ ಊರಿ ಮೈಯನ್ನು ರಬ್ಬರಿನ ಹಾಗೆ ಉದ್ದ ಮಾಡಿ ಕತ್ತು ಚಾಚುತ್ತದೆ. ತಿಂಡಿ ಬಾಯಿಗೆ ಬಂದ ಕೂಡಲೇ "ಅಯ್ಯೋ, ಎಲ್ಲಿಗೆ ಬಂದುಬಿಟ್ಟೆ" ಅನ್ನುವ ಹಾಗೆ ಬೆಚ್ಚಿ ಹಾರುತ್ತದೆ. ನನ್ನ ದೊಡ್ಡ ತಪ್ಪು ಆಗಿದ್ದು ಇಲ್ಲೇ. 20ನೇ ದಿನ ಚುಕ್ಕಿ ನನ್ನ ಕೈಯಿಂದ ಮೊದಲ ಸಲ ಒಂದು ಚೂರು ಚೀಸ್ ತೆಗೆದುಕೊಂಡಳು. ನನಗೆ ಸಂತೋಷ ತಡೆಯಲಾಗಲಿಲ್ಲ, ಇನ್ನೊಂದು ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ಅವಳು ಕಚ್ಚಲಿಲ್ಲ. ನೆಲಕ್ಕೆ ಚಪ್ಪಟೆಯಾಗಿ ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಆಮೇಲೆ 15 ದಿನ ನಾನು ಕೋಣೆಗೆ ಬಂದರೆ ತಟ್ಟೆಯ ಹತ್ತಿರವೂ ಸುಳಿಯಲಿಲ್ಲ.

ಒಂದು ಹಳೆಯ ಭ್ರಮೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತು ಸುಳ್ಳು. ಭಯ ಒಂದು ಭಾವನೆ, ಬಹುಮಾನಕ್ಕಾಗಿ ಆಡುವ ನಾಟಕ ಅಲ್ಲ. ನಾಯಿ ತಾನಾಗಿ ನಿಮ್ಮ ಹತ್ತಿರ ಬಂದು ಒರಗಿದರೆ ಧಾರಾಳವಾಗಿ ಒರಗಿಸಿಕೊಳ್ಳಿ. ಹೊಡೆತ, ಕೂಗಾಟ, ಶಾಕ್ ಕಾಲರ್ ಇವೇ ಭಯ ಹೆಚ್ಚಿಸುವುದು.

ಮುಟ್ಟುವುದು ಯಾವಾಗ?

ನಾಯಿ ತಾನೇ ಬಂದು ನಿಮ್ಮ ಕೈ, ಮೊಣಕಾಲು ಮೂಸುವುದು ದಿನದ ಮಾತಾದ ಮೇಲೆ. ಮೂಸುವಾಗ ಕಲ್ಲಿನಂತೆ ಕೂತಿರಿ. ಕೆಲವು ದಿನ ಹೀಗೆ ಕಳೆದ ಮೇಲೆ ಎದೆ ಅಥವಾ ಕತ್ತಿನ ಪಕ್ಕ ಎರಡು ಬೆರಳಲ್ಲಿ 3 ಸೆಕೆಂಡ್ ಕೆರೆಯಿರಿ, ಕೈ ತೆಗೆದುಬಿಡಿ. ಈಗ ನಾಯಿ ಏನು ಮಾಡುತ್ತದೆ ನೋಡಿ. ಮುಂದೆ ಬಾಗಿದರೆ ಇನ್ನೂ 3 ಸೆಕೆಂಡ್. ತಲೆ ತಿರುಗಿಸಿದರೆ, ಮೈ ಕೊಡವಿದರೆ ಇವತ್ತಿಗೆ ಮುಗಿಯಿತು. ತಲೆಯ ಮೇಲಿನಿಂದ ಕೈ ತರುವುದು, ಮೈಮೇಲೆ ಬಾಗುವುದು, ತಬ್ಬಿಕೊಳ್ಳುವುದು ಬೇಡ.

ಕಾಲರ್, ಹಾರ್ನೆಸ್, ಲೀಶ್

ಹಾರ್ನೆಸ್ಸನ್ನು (ಎದೆ, ಮೈಗೆ ತೊಡಿಸುವ ಪಟ್ಟಿ) ಮೊದಲು ನೆಲದ ಮೇಲೆ ಬಿಟ್ಟು ಅದರ ಸುತ್ತ ತಿಂಡಿ ಚೆಲ್ಲಿ. ಆಮೇಲೆ ಕೈಯಲ್ಲಿ ಹಿಡಿದು, ಕುಣಿಕೆಯೊಳಗಿಂದ ಮೂಗು ತೂರಿಸಿದರೆ ತಿಂಡಿ. ಬಕಲ್ಲಿನ "ಟಿಕ್" ಸದ್ದಿಗೆ ಬೇರೆಯೇ ಅಭ್ಯಾಸ ಬೇಕು, ದೂರದಲ್ಲಿ ಟಿಕ್ ಮಾಡಿ ತಿಂಡಿ ಎಸೆಯಿರಿ. ಚುಕ್ಕಿಗೆ ಇಷ್ಟಕ್ಕೇ ಆರು ವಾರ ಹಿಡಿಯಿತು.

ಸಾಮಾನ್ಯ ಹಾರ್ನೆಸ್ಸಿನಿಂದ ಹೆದರಿದ ನಾಯಿ ಹಿಮ್ಮುಖವಾಗಿ ಜಾರಿ ಕ್ಷಣದಲ್ಲಿ ಹೊರಬರುತ್ತದೆ. ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಮೂರನೇ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ. ಜೊತೆಗೆ ಎಳೆದರೆ ಸ್ವಲ್ಪ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್. ಎರಡಕ್ಕೂ ಒಂದೊಂದು ಲೀಶ್. ನೋಡಿದವರು ನಕ್ಕರೆ ನಗಲಿ.

ಮೊದಲ ನಡಿಗೆ ಮನೆಯೊಳಗೇ. ಆಮೇಲೆ ಅಂಗಳ, ಆಮೇಲೆ ಜನವಿಲ್ಲದ ಹೊತ್ತಿನಲ್ಲಿ ರಸ್ತೆ. ಎಷ್ಟು ದೂರ ಹೋದಿರಿ ಅನ್ನುವುದು ಮುಖ್ಯವಲ್ಲ. 10 ನಿಮಿಷ ಒಂದೇ ಕಂಬದ ಬುಡ ಮೂಸಿಕೊಂಡು ನಿಂತರೆ ಅದೂ ವಾಕಿಂಗೇ. ನಾಯಿ ಮನೆ ಕಡೆ ತಿರುಗಿದರೆ ನೀವೂ ತಿರುಗಿ. ಒಂದೇ ದಿನ ಲಾರಿ ಹಾರ್ನ್, ಬೊಗಳುವ ನಾಯಿ, ಓಡುವ ಮಕ್ಕಳು ಎಲ್ಲ ಎದುರಾದರೆ ಭಯ ಒಂದರ ಮೇಲೊಂದು ಪೇರುತ್ತ ಹೋಗುತ್ತದೆ. ಆಮೇಲೆ ಒಣಗಿದ ಎಲೆ ಬಿದ್ದರೂ ಕಿತ್ತುಕೊಂಡು ಓಡುತ್ತದೆ. ಅಂಥ ದಿನದ ಮರುದಿನ ಹೊರಗೆ ಹೋಗುವುದೇ ಬೇಡ, ಮನೆಯಲ್ಲೇ ಇರಲಿ.

ಮೂಗಿಗೆ ಕೆಲಸ, ಜೊತೆಗೊಂದು ನಾಯಿ

ಧೈರ್ಯ ಬೆಳೆಸಲು ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಹುಡುಕಾಟದ ಆಟ. ಹಳೆಯ ಟವೆಲ್ ಸುತ್ತಿ ಮಡಿಕೆಗಳಲ್ಲಿ ತಿಂಡಿ ಇಡಿ. ಖಾಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮಾತ್ರ ಬಚ್ಚಿಡಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವು ನಾಯಿಗಳು ಎರಡು ವಾರ ಮೂಗಿನ ಆಟ ಆಡಿದವು, ಉಳಿದವು ಯಜಮಾನರ ಪಕ್ಕದಲ್ಲೇ ನಡೆಯುವ ತರಬೇತಿ ಪಡೆದವು. ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲು ಇಟ್ಟಾಗ ಮೂಗಿನ ಆಟದವು ಮೊದಲಿಗಿಂತ ಬೇಗ ಅದರ ಬಳಿ ಹೋದವು. ಇನ್ನೊಂದು ಗುಂಪಿನಲ್ಲಿ ಬದಲಾವಣೆ ಕಾಣಲಿಲ್ಲ. ಚುಕ್ಕಿ ಮೊದಲ ಸಲ ಬಾಲ ಅಲ್ಲಾಡಿಸಿದ್ದು ನನ್ನನ್ನು ಕಂಡಲ್ಲ, ರಟ್ಟಿನ ಪೆಟ್ಟಿಗೆಯೊಳಗೆ ತಲೆ ಹಾಕಿದಾಗ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ.

ಜನರ ಜೊತೆ ಸಲಿಗೆಯಿರುವ ಶಾಂತ ನಾಯಿ ಮನೆಯಲ್ಲಿದ್ದರೆ ಅದು ನಿಮಗಿಂತ ಒಳ್ಳೆಯ ಮೇಷ್ಟ್ರು. ಬೀದಿಯಲ್ಲಿ ಬೆಳೆದ ನಾಯಿಗೆ ಮನುಷ್ಯರು ಅಪರಿಚಿತರು, ನಾಯಿಗಳು ಅಲ್ಲ. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ತೀರಾ ಹೆದರಿದ ನಾಯಿಗಳಿಗೆಂದೇ 2013ರಲ್ಲಿ ನ್ಯೂಜೆರ್ಸಿಯಲ್ಲಿ ಕೇಂದ್ರವೊಂದನ್ನು ಶುರು ಮಾಡಿತು, 2018ರಲ್ಲಿ ಅದು ನಾರ್ತ್ ಕ್ಯಾರೊಲಿನಾದ ವೀವರ್‌ವಿಲ್‌ಗೆ ಹೋಯಿತು. ಅಲ್ಲೂ ಧೈರ್ಯವಂತ ನಾಯಿಗಳನ್ನು ಜೊತೆಗಾರರಾಗಿ ಬಳಸುತ್ತಾರೆ. ಆದರೆ ಇದಕ್ಕಾಗಿಯೇ ಇನ್ನೊಂದು ನಾಯಿ ತರಬೇಡಿ. ಎರಡೂ ಪುಕ್ಕಲಾದರೆ ಗತಿ?

ಔಷಧಿ ಅಂದರೆ ಸೋಲಲ್ಲ

ವಾರಗಳು ಕಳೆದರೂ ನಾಯಿ ಹಗಲು ಹೊತ್ತು ತಿನ್ನುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ ಅಂದರೆ ವೆಟ್ ಹತ್ತಿರ ಮಾತಾಡಿ. ಆತಂಕ ತಗ್ಗಿಸುವ ಫ್ಲೂಕ್ಸೆಟಿನ್‌ನಂಥ ಮಾತ್ರೆ ಪರಿಣಾಮ ತೋರಿಸಲು ಸಾಮಾನ್ಯವಾಗಿ 4-6 ವಾರ ಬೇಕು. ಟ್ರಾಜೊಡೋನ್, ಗಾಬಾಪೆಂಟಿನ್ ಥರದವನ್ನು ಪ್ರಯಾಣ, ಆಸ್ಪತ್ರೆಯಂಥ ಸಂದರ್ಭಕ್ಕೆ ಕೊಡುವುದುಂಟು. ತಲೆಯಲ್ಲಿ ಗಂಟೆ ಬಾರಿಸುತ್ತಲೇ ಇರುವಾಗ ಪಾಠ ಹತ್ತುವುದಿಲ್ಲ, ಮಾತ್ರೆ ಆ ಸದ್ದನ್ನು ತಗ್ಗಿಸುತ್ತದೆ. ನಿಮ್ಮ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಮಾತ್ರ ಬೇಡ. ಮನುಷ್ಯರ ಕೆಲವು ದ್ರವ ಔಷಧಿಗಳಲ್ಲಿ ಸಿಹಿಗಾಗಿ ಜೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ.

ನಾಯಿ ತಪ್ಪಿಸಿಕೊಂಡರೆ

ಬೆನ್ನಟ್ಟಬೇಡಿ, ಹೆಸರು ಹಿಡಿದು ಕೂಗುತ್ತ ಗುಂಪು ಕಟ್ಟಿಕೊಂಡು ಹುಡುಕಬೇಡಿ. ಭಯದಲ್ಲಿ ಓಡುವ ನಾಯಿ ನಿಮ್ಮ ದನಿ ಕೇಳಿಯೂ ಓಡುತ್ತದೆ. ಕಣ್ಣಿಗೆ ಬಿದ್ದರೆ ಬೆನ್ನು ತಿರುಗಿಸಿ ನೆಲದಲ್ಲಿ ಕುಳಿತು ಸುತ್ತ ತಿಂಡಿ ಚೆಲ್ಲಿ. ಕಾಣದಿದ್ದರೆ ಕೊನೆಗೆ ಕಂಡ ಜಾಗದಲ್ಲಿ ದಿನಾ ಒಂದೇ ಹೊತ್ತಿಗೆ ಊಟ ಇಡಿ, ಅದರ ಹಾಸಿಗೆ ಬಟ್ಟೆಯನ್ನೂ ಅಲ್ಲೇ ಬಿಡಿ. ಕಂಡವರು ಹಿಡಿಯಲು ಹೋಗದೆ ಫೋನ್ ಮಾತ್ರ ಮಾಡಲಿ ಅಂತ ಪೋಸ್ಟರಿನಲ್ಲಿ ದೊಡ್ಡದಾಗಿ ಬರೆಯಿರಿ. ಊಟಕ್ಕೆ ಬರುವುದು ರೂಢಿಯಾದ ಮೇಲೆ ಬೋನು ಇಟ್ಟು ಹಿಡಿಯಬಹುದು.

ಒಂದು ನೋಟ್‌ಬುಕ್ ಇಡಿ

ದಿನಕ್ಕೆ ಒಂದು ಸಾಲು ಸಾಕು. ಬದಲಾವಣೆ ಎಷ್ಟು ನಿಧಾನ ಅಂದರೆ ಬರೆದಿಡದೆ ಕಾಣುವುದೇ ಇಲ್ಲ. ನನ್ನದರಲ್ಲಿ 34ನೇ ದಿನ "ಹಗಲಲ್ಲಿ ನೀರು ಕುಡಿದಳು" ಅಂತಿದೆ. 97ನೇ ದಿನ "ನನ್ನ ಕಡೆ ಬೆನ್ನು ಹಾಕಿ ಮಲಗಿದಳು". 240ರಲ್ಲಿ "ಕರೆಗಂಟೆ ಹೊಡೆಯಿತು, ಓಡಲಿಲ್ಲ, ತಲೆ ಎತ್ತಿ ನೋಡಿದಳು". ನಡುವೆ ವಾರಗಟ್ಟಲೆ "ಏನೂ ಇಲ್ಲ" ಅಂತಲೇ ಇದೆ. ಎರಡು ಕಡೆ ಹಿಂದಕ್ಕೆ ಹೋದದ್ದೂ ಇದೆ, ಆಗ ಮತ್ತೆ ಕೋಣೆಯ ಮೂಲೆಯಿಂದಲೇ ಶುರು ಮಾಡಿದೆವು.

ಅತಿಥಿಗಳು ಬಂದರೆ ಚುಕ್ಕಿ ಇವತ್ತಿಗೂ ತನ್ನ ಕ್ರೇಟಿಗೆ ಹೋಗುತ್ತಾಳೆ, ಅಲ್ಲಿ ಅವಳನ್ನು ಯಾರೂ ಮಾತಾಡಿಸಬಾರದು ಅಂತ ಬಂದವರಿಗೆ ಮೊದಲೇ ಹೇಳಿರುತ್ತೇವೆ. ಕೊಡೆ ಬಿಚ್ಚುವ ಸದ್ದಿಗೆ ಮಾತ್ರ ಯಾವ ಚೀಸೂ ಕೆಲಸ ಮಾಡಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಗೇಟಿನಾಚೆ ಹೋಗಿಯೇ ಕೊಡೆ ಬಿಚ್ಚುವುದು, ಅಷ್ಟರೊಳಗೆ ಸ್ವಲ್ಪ ನೆನೆದರೂ ಸರಿ.